ಶಾಲೆಯ ಹೊಸ ಮಾಡು

ಒಂದು ಬೆಳಗ್ಗೆ ನೆಲದೊಳಗೆ ಗುಡುಗಿದಂತಾಗಿ ಭೂಮಿ ಅದುರಿದ್ದನ್ನು ಗಡಿನಾಡಿನ ಬೋವಿಕಾನದ ಕಡೆಯವರು ಬೇಗ ಮರೆತರು. ತೃಪ್ತಿ ಮರೆಯಲಿಲ್ಲ. ಅವಳು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಕಲಿಸುವವಳು. ಮಗಳು ಪೂಜಾಶ್ರೀ ಎರಡನೇ ಕ್ಲಾಸು ಓದುತ್ತಿದ್ದ ಕನ್ನಡ ಶಾಲೆಯ ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು.

ಮಣ್ಣು ಮೆತ್ತಿ ಕಟ್ಟಿದ ಹಳೆಯ ಕೆಂಪುಕಲ್ಲಿನ ಗೋಡೆಗಳು. ಮೂಲೆಗಳಲ್ಲಿ ಒಂದು ಗೋಡೆ ಇನ್ನೊಂದನ್ನು ಹಿಡಿದುಕೊಂಡಿರಲಿಲ್ಲ. ಹೆಂಚು ಹೊದಿಸಿದ ಮಾಡಿನ ಮರಗಳು ಗೋಡೆಯ ಮೇಲೆ ಸುಮ್ಮನೆ ಕೂತಿದ್ದವು. ಒಳಗೂ ಹೊರಗೂ ಸುತ್ತ ಕಬ್ಬಿಣದ ಜಾಲರಿಯ ಪಟ್ಟಿ ಕಟ್ಟಿ ಸಿಮೆಂಟು ಸಾರಿಸಬೇಕು, ಮಾಡನ್ನು ಗೋಡೆಗೆ ಬಿಗಿಯಬೇಕು ಎಂದು ಅವಳು ಶಾಲೆಯ ಮೆನೇಜರ್ ವೆಂಕಟಕೃಷ್ಣರಿಗೆ ಚಿತ್ರ ಬಿಡಿಸಿ ತೋರಿಸಿದಳು. ಅವರು ಒಪ್ಪಿದರು.

ಬೇಸಗೆ ರಜೆಯಲ್ಲಿ ಹೋಗಿ ನೋಡಿದರೆ ಹೆಂಚು ಇಳಿಸಿಯಾಗಿತ್ತು. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳ ಉಡುಗೊರೆಯೆಂದು ಕಾಂಕ್ರೀಟಿನ ಮಾಡಿಗೆ ಹಲಗೆ ಬಡಿಯುತ್ತಿದ್ದರು.

"ಇದೆಂತ ಮಾಡ್ತಿದ್ದೀರಿ? ಈ ಗೋಡೆಗೆ ಅಷ್ಟು ಭಾರ ಹೊರಿಸಿದ್ರೆ, ಇನ್ನೊಮ್ಮೆ ಜೋರಾಗಿ ಅದುರಿದಾಗ ಎಲ್ಲ ಮಕ್ಕಳ ಮೇಲೆಯೇ ಬೀಳ್ತದೆ!"

"ಕಾಂಕ್ರೀಟು ಹೆಂಚಿಗಿಂತ ಗಟ್ಟಿ ಅಲ್ವಾ ಮಾರಾಯ್ತಿ?" ವೆಂಕಟಕೃಷ್ಣ ನಕ್ಕರು. "ಗೋಡೆಯ ಸಿಮೆಂಟಿನ ಅಡಿಯಲ್ಲಿ ಕಬ್ಬಿಣ ಇಟ್ರೆ ದುಡ್ಡು ಕೊಟ್ಟವರಿಗೆ ಎಲ್ಲಿ ಕಾಣ್ತದೆ?"

ಬಿರುಕಿಗೆ ಸಿಮೆಂಟು ಮೆತ್ತಿ ಹಳದಿ ಬಣ್ಣ ಬಳಿದರು. ಪರಿಶೀಲನೆಗೆ ಬಂದವರು ಹೊಸ ಮಾಡು ನೋಡಿ ಫಿಟ್ನೆಸ್ ಸರ್ಟಿಫಿಕೇಟು ಕೊಟ್ಟು ಹೋದರು.

ತೃಪ್ತಿ ಇಲಾಖೆಗೆ ದೂರು ಕೊಡುತ್ತಾಳೆಂದು ತಿಳಿದು ಮುಖ್ಯೋಪಾಧ್ಯಾಯಿನಿ ಪಂಕಜಾಕ್ಷಿ ಅವಳ ಮನೆಗೆ ಬಂದರು. ತೃಪ್ತಿಗೆ ಅಕ್ಷರ ಕಲಿಸಿದವರು ಅವರೇ.

"ನೀನು ಹೇಳುವುದು ಸರಿ ಉಂಟು. ಆದ್ರೆ ಶಾಲೆ ಒಮ್ಮೆ ಮುಚ್ಚಿದ್ರೆ ಮತ್ತೆ ತೆರೆಯುವುದಿಲ್ಲ. ಹತ್ತಿರ ಬೇರೆ ಕನ್ನಡ ಶಾಲೆ ಎಲ್ಲುಂಟು?"

"ಗೋಡೆ ಬಿದ್ರೆ, ಟೀಚರ್?"

"ನಾನೂ ಅದರೊಳಗೇ ಇರ್ತೇನಲ್ಲ," ಎಂದರು ಪಂಕಜಾಕ್ಷಿ.

ಆದರೂ ತೃಪ್ತಿ ದೂರು ಕೊಟ್ಟಳು. ಕಟ್ಟಡಕ್ಕೆ ಸರ್ಟಿಫಿಕೇಟು ಇರುವುದರಿಂದ ಕ್ರಮದ ಅಗತ್ಯವಿಲ್ಲವೆಂದು ಉತ್ತರ ಬಂತು. ಶಾಲೆ ಮುಚ್ಚಿಸಲು ಹೊರಟವಳೆಂದು ಊರಿನವರು ಅವಳೊಡನೆ ಮಾತು ಬಿಟ್ಟರು. ಜೂನಿನಲ್ಲಿ ಮಗಳನ್ನು ನಾಯ್ಮಾರ್ಮೂಲೆ ಕಡೆಯ ಮಲಯಾಳ ಶಾಲೆಗೆ ಸೇರಿಸಿದಳು. ಅವಳ ಕೈಯಲ್ಲಿ ಆದದ್ದು ಅಷ್ಟೇ.

ಮೊದಲ ದಿನ ಬಸ್ಸು ಹಳೆ ಶಾಲೆಯ ಮುಂದೆ ಹಾದಾಗ ಪೂಜಾಶ್ರೀ ಜಗಲಿಯಲ್ಲಿದ್ದ ಗೆಳತಿಯರಿಗೆ ಕೈ ಬೀಸಿದಳು.

"ಅಮ್ಮಾ, ಇವರೆಲ್ಲ ಇಲ್ಲಿಯೇ ಇರುವುದಾ?"

ಮಕ್ಕಳು ನಗುತ್ತ ಸಾಲಾಗಿ ಒಳಗೆ ಹೋಗುತ್ತಿದ್ದರು.