ಎರಡು ಪಾಳಿಯ ನೀರು

"ನಾನಾಗಲೇ ಹಾಕಿ ಬಂದೆನಲ್ಲ," ಅಂದ ಗಂಡ.

ಕಿಟಕಿಯ ಕುಂಡಕ್ಕೆ ಚೊಂಬು ಬಗ್ಗಿಸಿದ್ದವಳ ಕೈ ಹಾಗೇ ನಿಂತಿತು. "ಏನು ಹಾಕಿದ್ರಿ?"

"ನೀರು. ದಿನಾ ಕೆಲಸಕ್ಕೆ ಹೊರಡೋ ಮುಂಚೆ ಹಾಕ್ತೀನಿ. ರಾತ್ರಿಯೆಲ್ಲ ನಿಂತು ಬರೋಳಿಗೆ ಎಲ್ಲಿ ನೆನಪಿರುತ್ತೆ ಅಂತ."

ಅವಳೂ ದಿನಾ ಹಾಕುತ್ತಿದ್ದಳು, ಬಂದವಳೇ, ಚಪ್ಪಲಿ ಬಿಡುವ ಮೊದಲೇ. ಗಂಡಸಿಗೆ ಎಲ್ಲಿ ನೆನಪಿರುತ್ತೆ ಅಂತ.

ಅವನದು ಹಗಲು ಪಾಳಿ, ಅವಳದು ರಾತ್ರಿ ಪಾಳಿ, ಗಿರಣಿ ಒಂದೇ. ಒಳಗೆ ಹೋಗುವವರೂ ಹೊರಗೆ ಬರುವವರೂ ಒಂದೇ ಗೇಟಿನಲ್ಲಿ ನುಗ್ಗುವಾಗ ಮನೆಯ ಕೀಲಿಕೈ ಕೈ ಬದಲಾಗುತ್ತಿತ್ತು. ಸಂಸಾರ ಅಂದರೆ ಅಷ್ಟೇ. ಈವತ್ತು ಮಳೆನೀರು ಯಂತ್ರಗಳ ಕಾಲಿಗೆ ಬಂದಿತ್ತು, ಹಗಲಿನವರನ್ನು ವಾಪಸು ಕಳಿಸಿದ್ದರು. ಇಬ್ಬರೂ ಒಟ್ಟಿಗೆ ಮನೆಗೆ ಬಂದಿದ್ದರು.

ಆ ಕುಂಡದಲ್ಲಿ, ಕುಳ್ಳಗೇ ಇರುವಂತೆ ಸಾಕುವ ಗೇಣುದ್ದದ ಅತ್ತಿ ಮರ. ವಾರಗಟ್ಟಲೆ ಮಳೆಯ ಇರಚಲು ಹೊಡೆದಿತ್ತು. ಎಲೆ ಹಳದಿಯಾದದ್ದನ್ನು ಅವನು ಕಂಡು ಇನ್ನಷ್ಟು ಹಾಕಿದ್ದ. ಅವಳು ಕಂಡು ಇನ್ನಷ್ಟು.

ಮಗಳು ಅದನ್ನು ತಮ್ಮ ಅನ್ನುತ್ತಿದ್ದಳು. "ಅಪ್ಪಾ, ತಮ್ಮ ಯಾಕೆ ಉದ್ದ ಆಗಲ್ಲ?"

"ನಿಮ್ಮಮ್ಮನ ಕಡೆಯೋರೆಲ್ಲ ಕುಳ್ಳರು ಕಣೇ."

ಈಗ ಅವನು ಬೆರಳಿನಿಂದ ಕಾಂಡ ಮುಟ್ಟಿದ. ಅಲ್ಲಾಡಿತು. ಕುಂಡ ಬೋರಲು ಹಾಕಿದಾಗ ಮಣ್ಣು ಒಂದೇ ಮುದ್ದೆಯಾಗಿ ಬಿತ್ತು, ಚರಂಡಿಯ ವಾಸನೆ.

"ಈ ಜೇಡಿಮಣ್ಣು ಎಲ್ಲಿಂದ ಬಂತು?"

"ಗಿರಣಿ ಹಿಂದಿನದು. ಮೊದಲಿದ್ದದ್ದು ಬರೀ ಇಟ್ಟಿಗೆ ಚೂರು, ಮರಳು. ಹೊಟ್ಟೆ ತುಂಬ ತಿನ್ನಲಿ ಅಂತ..."

"ಬುಡದಲ್ಲಿ ನೀರು ನಿಲ್ಲಬಾರದು ಅಂತ ಗಿಡ ಕೊಟ್ಟ ಅಂಗಡಿಯವನು ಹೇಳಿದ್ದ."

"ನಂಗೆ ಹೇಳಲಿಲ್ಲ."

"ನೀನು ಮಲಗಿದ್ದೆ."

ಮಗಳಿಗೆ ಜ್ವರ ಬಂದಾಗಲೂ ಅವಳು ಮಲಗಿದ್ದಳು, ಮಗುವಿನ ಪಕ್ಕದಲ್ಲೇ. ಇವರು ನಿನ್ನೆ ಸಂಜೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರುತ್ತಾರೆ ಅಂದುಕೊಂಡಿದ್ದಳು. ಬೆಳಗ್ಗೆ ಬಂದವಳು ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡು ಅವನು ಗೇಟಿನಲ್ಲಿ ಕೀಲಿಕೈ ಕೊಟ್ಟಿದ್ದ. ಹಿಂದಿನವರು ತಳ್ಳುತ್ತಿದ್ದರು. ಇಬ್ಬರಿಗೂ ಒಂದೇ ಪಾಳಿ ಕೊಡಿ ಅಂತ ಅದಕ್ಕೂ ಮೊದಲೇ ಕೇಳಿದ್ದರು. "ಮಗು ಇರೋ ಮನೇಲಿ ಬೇರೆ ಬೇರೆ ಪಾಳಿನೇ ವಾಸಿ ಕಣ್ರೀ, ಯಾವಾಗ್ಲೂ ಒಬ್ರು ಮನೇಲಿರ್ತೀರಿ," ಅಂದಿದ್ದ ಮೇಲ್ವಿಚಾರಕ. ಮಗಳನ್ನು ಮಣ್ಣು ಮಾಡಿ ಬಂದಮೇಲೆ ಮತ್ತೆ ಕೇಳಿದರು. "ಈಗ ಮಗುನೂ ಇಲ್ವಲ್ಲ, ಯಾವ ಪಾಳಿ ಆದ್ರೇನು?"

ಅವನು ಬೇರು ತೊಳೆದ. ಅವಳು ಕತ್ತರಿ ತಂದಳು. ಕಪ್ಪಾದದ್ದೆಲ್ಲ ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಕತ್ತರಿಸುತ್ತಾ ಹೋದಳು. ಕೊನೆಗೆ ಬುಡದ ಒಂದು ಮಗ್ಗುಲಲ್ಲಿ ಬಿಳಿಯ ಎಳೆಗಳು ಉಳಿದವು, ನೂಲಿನಷ್ಟು ಸಣ್ಣವು.

"ಬದುಕುತ್ತಾ?"

"ಗೊತ್ತಿಲ್ಲ."

ಹಿತ್ತಲಲ್ಲಿ ಕೂತು ಇಟ್ಟಿಗೆ ಕುಟ್ಟಿದರು. ಅವನು ಕುಟ್ಟಿದ್ದನ್ನು ಅವಳು ಜರಡಿ ಹಿಡಿದಳು, ನುಣ್ಣನೆಯದನ್ನು ಚೆಲ್ಲಿ ಕಾಳಿನಂಥದ್ದನ್ನು ಉಳಿಸಿಕೊಂಡಳು. ಇಬ್ಬರೂ ಅಳಲಿಲ್ಲ. ಗಿಡವನ್ನು ನೆಟ್ಟು ಇರಚಲು ತಾಗದ ಗೋಡೆಗೆ ಸರಿಸುವಷ್ಟರಲ್ಲಿ ಗಿರಣಿಯ ಸೈರನ್ ಕೂಗಿತು. ನೀರು ಇಳಿದಿತ್ತು. ಅರ್ಧ ದಿನದ ಕೂಲಿಗೆ ಅವನು ಅಂಗಿ ಹಾಕಿಕೊಂಡು ಹೊರಟ.

ಅವಳು ಮಲಗಿದಳು. ಎದ್ದು ಚೊಂಬು ತುಂಬಿದಳು. ಬೆರಳನ್ನು ಇಟ್ಟಿಗೆ ಚೂರಿನೊಳಗೆ ಇಳಿಸಿದಳು, ತಂಪಿತ್ತು. ಚೊಂಬಿನ ನೀರನ್ನು ತಾನೇ ಕುಡಿದಳು.

ಸಂಜೆ ಗೇಟಿನಲ್ಲಿ ಎರಡು ಕಡೆಯ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವಳು ಕೀಲಿಕೈ ಚಾಚಿದಳು. ಅವನು ಹಿಡಿದುಕೊಂಡ. ಅವಳು ಬಿಡಲಿಲ್ಲ.

"ನಾನು ನೀರು ಹಾಕಲಿಲ್ಲ," ಅಂದಳು.

"ಸರಿ. ನಾನೂ ಹಾಕಲ್ಲ."

"ಬೆರಳು ಇಟ್ಟು ನೋಡಿ. ನೋಡಿ, ಬೆಳಗ್ಗೆ ಇಲ್ಲೇ ಹೇಳಿ."

"ಹೇಳ್ತೀನಿ."

"ಏನ್ರಪ್ಪಾ, ಸಂಸಾರ ಮನೇಲಿ ಮಾಡ್ಕೊಳ್ಳಿ, ದಾರಿ ಬಿಡ್ರಿ!" ಹಿಂದಿನಿಂದ ಯಾರೋ ಕೂಗಿದರು. ನಾಲ್ಕು ಜನ ನಕ್ಕರು.

ಇಬ್ಬರೂ ಕದಲಲಿಲ್ಲ. ಜನ ಗೊಣಗುತ್ತಾ ಆಚೆಯಿಂದೊಮ್ಮೆ ಈಚೆಯಿಂದೊಮ್ಮೆ ಸುತ್ತಿಕೊಂಡು ಹೋಗತೊಡಗಿದರು. ಅವಳ ಉಗುರಿನಲ್ಲಿ ಇಟ್ಟಿಗೆಯ ಕೆಂಪು ಪುಡಿ ಕೂತಿತ್ತು. ಕೀಲಿಕೈಗೂ ಒಂದಿಷ್ಟು ಅಂಟಿತ್ತು.