ತೊಳೆದ ಉಣ್ಣೆ

ಲಾಂಡ್ರಿ ಅಕ್ಕನ ಅಂಗಡಿಯಿಂದ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಕರವಸ್ತ್ರವೂ ತೊಳೆಯದೆ ಹೊರಗೆ ಹೋದದ್ದಿಲ್ಲ. ಯಾರೋ ಮರೆತು ಹೋದ ಕೊಡೆಯನ್ನು ಸಹ ಸೋಪು ಹಾಕಿ ಉಜ್ಜಿ, ಒಣಗಿಸಿ, ಮಡಚಿ ಕೊಟ್ಟವಳು ಅವಳು. ಕೊಳೆ ಇದ್ದದ್ದನ್ನು ಇನ್ನೊಬ್ಬರ ಕೈಗೆ ಇಡುವುದೆಂದರೆ ಅವಳಿಗೆ ಉಗುಳಿ ಕೊಟ್ಟ ಹಾಗೆ. ಇಂಥವಳಿಗೆ ಆ ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು.

ಆಸ್ಪತ್ರೆಯಲ್ಲಿ ಮಲಗಿದ್ದವಳು ಅವಳ ತಂಗಿ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಳ್ಳುವ ಕೆಲಸ ಅವಳದು. ಎಂಟು ದಿನದಿಂದ ಜ್ವರ ಬಿಟ್ಟಿರಲಿಲ್ಲ. ಮೂರು ಔಷಧ ಬದಲಾಯಿಸಿದರು, ರಕ್ತ ಹೀರಿ ಹೀರಿ ಪರೀಕ್ಷೆ ಮಾಡಿದರು, ರೋಗ ಯಾವುದೆಂದು ಮಾತ್ರ ಗೊತ್ತಾಗಲಿಲ್ಲ. ಹಿಂದಿನ ಸಂಜೆ ಅಕ್ಕನನ್ನು ನೋಡಿ “ನೀವು ಯಾರು?” ಅಂದಿದ್ದಳು. ತಾಯಿ ಸತ್ತಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ಹಾಗೆ ಕೇಳಿದರೆ ಕರುಳು ಕಿತ್ತು ಬರದೆ ಇರುತ್ತದೆಯೆ?

ಫೋನಿನಲ್ಲಿ ನರ್ಸ್ ಇದ್ದಳು. ಇತ್ತ ಎರಡು ಮೆಷಿನ್ನುಗಳು ಗಡಗಡ ಅನ್ನುತ್ತಿದ್ದವು.

“ನಿಮ್ಮ ತಂಗಿ ಬಟ್ಟೇಲಿ ಉಣ್ಣೆ ಏನಾದ್ರೂ ಇದೆಯಾ ನೋಡ್ತೀರಾ? ಇದ್ರೆ ಈಗ್ಲೇ ತಗೊಂಡ್ ಬನ್ನಿ. ಡಾಕ್ಟ್ರು ಅರ್ಜೆಂಟ್ ಅಂತಿದಾರೆ.”

“ಇದೆ, ಇದೆ. ಈಗ್ಲೇ ತರ್ತೀನಿ,” ಅಂದಳು ಅಕ್ಕ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಆದರೆ ಅವಳನ್ನು ಬೈದು ಏನು ಪ್ರಯೋಜನ? ದಿನಾ ಬಟ್ಟೆಯಲ್ಲೇ ಮುಳುಗಿದವಳಿಗೆ ಹತ್ತಿ ಅಂದರೆ ಹತ್ತಿ, ರೇಷ್ಮೆ ಅಂದರೆ ರೇಷ್ಮೆ, ಉಣ್ಣೆ ಅಂದರೆ ಉಣ್ಣೆ. ತಂಗಿ ಚಳಿಗೆ ನಡುಗುತ್ತಿದ್ದಾಳೆ, ಉಣ್ಣೆ ಬಟ್ಟೆ ಕೇಳುತ್ತಿದ್ದಾರೆ ಎಂದುಕೊಂಡಳು. ಜ್ವರ ಹತ್ತುವ ಹಿಂದಿನ ದಿನ ತಂಗಿ ತೊಟ್ಟಿದ್ದ ಬೂದು ಸ್ವೆಟರ್ ಮೂಲೆಯ ಬುಟ್ಟಿಯಲ್ಲಿ ಬಿದ್ದಿತ್ತು. ಅದರ ತೋಳಿಗೆಲ್ಲ ಹುಲ್ಲಿನ ಮುಳ್ಳು, ಒಣ ಬೀಜ. ಇದನ್ನು ಹೀಗೇ ಆಸ್ಪತ್ರೆಗೆ ಒಯ್ದರೆ ನಾಲ್ಕು ಜನ ಏನಂದಾರು!

ಉಗುರುಬೆಚ್ಚಗಿನ ನೀರಿನಲ್ಲಿ, ಹಿಂಡದೆ, ಒತ್ತಿ ಒತ್ತಿ ತೊಳೆದಳು. ನೀರಿನ ಮೇಲೆ ಹರಳುಬೀಜದಂಥದ್ದೊಂದು ತೇಲಿತು. ಉಗುರಿನಿಂದ ಎತ್ತಿ ಮೋರಿಗೆ ಎಸೆದಳು. ಬಿಸಿಗಾಳಿಯಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ, ಬಸ್ಸಿಗೂ ಕಾಯದೆ ಓಡಿದಳು.

ಡಾಕ್ಟರು ಪೊಟ್ಟಣ ಬಿಚ್ಚಿ ಸ್ವೆಟರನ್ನು ನೋಡಿದರು, ಅಕ್ಕನ ಮುಖ ನೋಡಿದರು.

“ಇದೇನಮ್ಮ?”

“ಉಣ್ಣೆ. ನೀವೇ ಕೇಳಿದ್ರಂತಲ್ಲ.”

“ಅಯ್ಯೋ, ಉಣ್ಣೆ ಹುಳ ಕಣಮ್ಮ! ನಾಯಿಗೆ, ದನಕ್ಕೆ ಕಚ್ಕೊಂಡಿರುತ್ತಲ್ಲ, ರಕ್ತ ಕುಡಿಯೋದು, ಅದು! ಇವತ್ತು ನಿಮ್ಮ ತಂಗಿ ಕಿವಿ ಹಿಂದೆ ಕಚ್ಚಿದ ಗುರುತು ಸಿಕ್ಕಿದೆ. ಆ ಹುಳದ ಹೊಟ್ಟೇಲಿ ಯಾವ ರೋಗಾಣು ಇತ್ತು ಅಂತ ಗೊತ್ತಾದ್ರೆ, ಯಾವ ಔಷಧ ಕೊಡ್ಬೇಕು ಅಂತ ಗೊತ್ತಾಗತ್ತೆ. ಈಗ ನಾವು ಕತ್ತಲಲ್ಲಿ ಕಲ್ಲು ಹೊಡೀತಾ ಇದೀವಿ.”

ಆ ಹರಳುಬೀಜ ಅಕ್ಕನ ಕಣ್ಣ ಮುಂದೆ ತೇಲಿತು. ಬಂದ ದಾರಿಯಲ್ಲೇ ಓಡಿದಳು.

ಮೋರಿಯ ಬಾಯಲ್ಲಿ ಕಬ್ಬಿಣದ ಜಾಲರಿ. ದಾರ, ಕೂದಲು, ಗುಂಡಿ, ನೊರೆ ಎಲ್ಲ ಅಲ್ಲಿ ಕಟ್ಟಿಕೊಳ್ಳುತ್ತವೆ. ಅವಳು ಹೋದಾಗ ಎರಡನೆಯ ಮೆಷಿನ್ನು ಹೋಟೆಲಿನ ಬಿಳಿ ಹಾಸಿಗೆಬಟ್ಟೆಗಳ ನೀರನ್ನು ಅದೇ ಮೋರಿಗೆ ಕಕ್ಕುತ್ತಿತ್ತು. ಬ್ಲೀಚಿನ ಘಾಟಿಗೆ ಕಣ್ಣುರಿ. ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿ, ಮೊಣಕೈ ತನಕ ಕೈ ಹಾಕಿ, ಕಸವನ್ನು ಹಿಡಿಹಿಡಿಯಾಗಿ ಮೇಲೆತ್ತಿ ತಟ್ಟೆಯಲ್ಲಿ ಹರವಿದಳು. “ಸಿಗೋ, ನಿನ್ನ ಕಾಲಿಗೆ ಬೀಳ್ತೀನಿ, ಸಿಗೋ,” ಎಂದು ಹುಳಕ್ಕೆ ಅಂಗಲಾಚಿದಳು. ಹೆರಿಗೆ ಮಾಡಿಸಿದಷ್ಟು ಹೊತ್ತು ಹಿಡಿಯಿತು. ಕೊನೆಗೆ ಕೂದಲ ಉಂಡೆಯೊಂದರ ನಡುವೆ ಎಂಟು ಕಾಲು ಮುದುರಿಕೊಂಡ ಹುಳ ಸಿಕ್ಕಿತು. ಅಕ್ಕ ಜೋರಾಗಿ ಅತ್ತುಬಿಟ್ಟಳು.

ಆಸ್ಪತ್ರೆಯ ಹಿಂದುಗಡೆ ಸಂಶೋಧನೆಯ ಕೋಣೆ. ಅಲ್ಲಿ ಇದ್ದವಳನ್ನು ಎಲ್ಲರೂ ಹುಳದ ಮೇಡಂ ಅನ್ನುತ್ತಿದ್ದರು. ಅವಳು ಹುಳವನ್ನು ಚಿಮಟದಿಂದ ಎತ್ತಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

“ಅಕ್ಕಾ, ಈ ಜಾತಿ ಈ ಕಡೆ ಇದೆ ಅಂತ ಇವತ್ತಿನ ತನಕ ಯಾರಿಗೂ ಗೊತ್ತಿರ್ಲಿಲ್ಲ! ಇದೇ ಮೊದಲ್ನೇದು. ಸಂಗ್ರಹದಲ್ಲಿ ನಿಮ್ಮ ಹೆಸರು ಬರೀತೀವಿ.”

“ಹೆಸ್ರು ಬಿಡಿ. ಒಳಗಿನ ರೋಗ ಯಾವ್ದು?”

ಮೇಡಂ ಹುಳವನ್ನು ಮೂಸಿದಳು. ಅರಳಿದ ಮುಖ ಬಾಡಿತು.

“ಬ್ಲೀಚ್ ಬಿದ್ದಿದೆಯಲ್ಲ ಅಕ್ಕಾ. ಅದು ಒಳಗಿರೋದನ್ನೆಲ್ಲ ಅಳಿಸಿ ಹಾಕುತ್ತೆ. ಪರೀಕ್ಷೆ ಮಾಡ್ತೀನಿ, ಆದ್ರೆ ಆಸೆ ಇಟ್ಕೋಬೇಡಿ.”

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಉತ್ತರ ಬಂತು: ಏನೂ ಸಿಕ್ಕಲಿಲ್ಲ. ತೊಳೆದು ತೊಳೆದು ತಂಗಿಯನ್ನೇ ತೊಳೆದುಕೊಂಡೆನಲ್ಲ ಎಂದು ಅಕ್ಕ ತಲೆ ಚಚ್ಚಿಕೊಂಡಳು. ಮೇಡಂ ಅವಳ ಕೈ ಹಿಡಿದು ಕೂರಿಸಿದಳು.

“ಕೇಳಿ. ಅದೇ ಜಾಗದಲ್ಲಿ ಇನ್ನೊಂದು ಸಿಕ್ರೆ, ಅದರಲ್ಲೂ ಅದೇ ರೋಗಾಣು ಇರಬಹುದು. ನಾವು ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೀತೀವಿ, ಹತ್ಕೊಳ್ತವೆ. ಪರವಾನಗಿ ಬಂದ್ರೆ ಸೋಮವಾರ ಹೋಗ್ತೀವಿ.”

“ಸೋಮವಾರದ ತನಕ ಅವಳು ಇರ್ತಾಳಾ?”

ಮೇಡಂ ಅವಳ ಕೈ ಬಿಟ್ಟು ಚಿಮಟ ಒರೆಸತೊಡಗಿದಳು.

“ಬಟ್ಟೆ ಕಂಡ್ರೆ ಯಾಕೆ ಬರ್ತವೆ ಅವು?”

“ಯಾವುದೋ ಪ್ರಾಣಿ ಹಾದು ಹೋಯ್ತು ಅಂದ್ಕೊಂಡು. ಬೆಚ್ಚಗಿನ ಮೈ, ಉಸಿರು ಸಿಕ್ರೆ ಇನ್ನೂ ಬೇಗ…” ಎಂದವಳು ಮಾತು ನಿಲ್ಲಿಸಿದಳು. “ಅಕ್ಕಾ, ನೀವು ಹೋಗ್ಬೇಡಿ. ನಿಮಗೂ ಅದೇ ಜ್ವರ ಬರುತ್ತೆ. ಮಾತು ಕೊಡಿ.”

ಅಕ್ಕ ಮಾತು ಕೊಟ್ಟಳು. ಹೊರಡುವಾಗ ಮೇಜಿನ ಮೇಲಿದ್ದ ಖಾಲಿ ಸೀಸೆಯೊಂದನ್ನು ಸೆರಗಿಗೆ ಸೇರಿಸಿಕೊಂಡಳು.

ತಂಗಿಯ ಮೀಟರ್ ಪುಸ್ತಕದಲ್ಲಿ ಕೊನೆಯ ದಿನದ ಕೊನೆಯ ಮೀಟರ್ ಹಳೆ ಪಂಪ್‌ಹೌಸಿನದು. ಅದರ ಹಿಂದೆ ಎದೆಮಟ್ಟ ಬೆಳೆದ ಹುಲ್ಲು. ಅಕ್ಕ ಅದರೊಳಗೆ ಹೋಗಿ ಕೂತಳು. ಸೀರೆಯನ್ನು ತೊಡೆಯ ತನಕ ಎತ್ತಿ ಕಟ್ಟಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಅರ್ಧ ಗಂಟೆಯಾದರೂ ಒಂದು ಇರುವೆಯೂ ಹತ್ತಲಿಲ್ಲ. ಮೈಯೆಲ್ಲ ಸೋಪು, ಬ್ಲೀಚು. ಯಾವ ಹುಳ ತಾನೆ ಹತ್ತಿರ ಸುಳಿದೀತು? ಮಣ್ಣು ಕೆದಕಿ ಕಾಲಿಗೆ, ತೋಳಿಗೆ, ಕುತ್ತಿಗೆಗೆ ಮೆತ್ತಿಕೊಂಡಳು. ಕೊಳೆತ ಹುಲ್ಲನ್ನು ಹಿಸುಕಿ ಬಳಿದುಕೊಂಡಳು. ಬಾಯಿ ತೆರೆದು ಹಾ, ಹಾ ಎಂದು ಹುಲ್ಲಿನ ಬುಡಕ್ಕೆ ಉಸಿರು ಬಿಟ್ಟಳು. ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು, ಅನ್ನಲಿ.

ಮೀನಖಂಡದ ಮೇಲೆ ಏನೋ ಹರಿಯಿತು. ಬಗ್ಗಿ ನೋಡಿದಳು: ಎಳ್ಳಿಗಿಂತ ಸ್ವಲ್ಪ ದೊಡ್ಡದು, ಎಂಟು ಕಾಲು. ಮೊಣಕಾಲಿನ ಕಡೆಗೆ ಹತ್ತುತ್ತಿತ್ತು. ಅಕ್ಕ ಉಸಿರು ಬಿಗಿಹಿಡಿದು, ಸೀಸೆಯ ಬಾಯಿಯನ್ನು ನಿಧಾನವಾಗಿ ಅದರ ಮೇಲೆ ಬೋರಲು ಹಾಕಿ ಒತ್ತಿ ಹಿಡಿದಳು. ಅದು ಗಾಜನ್ನು ಹತ್ತಬೇಕಿತ್ತು. ಹತ್ತಲಿಲ್ಲ. ಚರ್ಮದ ಮೇಲೇ ಜಾಗ ಹುಡುಕಿಕೊಂಡು ನಿಂತಿತು.

ಆಗ ಮಡಿಲಲ್ಲಿದ್ದ ಫೋನ್ ಬಡಿದುಕೊಂಡಿತು. ಆಸ್ಪತ್ರೆಯ ನಂಬರು. ಹುಳ ಕಚ್ಚಿಕೊಳ್ಳುವ ಮೊದಲೇ ಕೈ ತೆಗೆದರೆ ಸೀಸೆ ಸರಿಯುತ್ತದೆ, ಅದು ಹುಲ್ಲಿಗೆ ಬೀಳುತ್ತದೆ. ತೆಗೆಯದಿದ್ದರೆ ಅವರು ಏನು ಹೇಳಲು ಕರೆದರೋ ಅದು ಕೇಳಿಸುವುದಿಲ್ಲ. ಕೇಳಿಸದೆ ಇರುವಷ್ಟು ಹೊತ್ತು ತಂಗಿ ಇದ್ದಾಳೆ.

“ಕಚ್ಚೇ ಮಾರಾಯ್ತಿ, ಬೇಗ ಕಚ್ಚು,” ಅಂದಳು ಅಕ್ಕ. ಫೋನ್ ಒಮ್ಮೆ ನಿಂತು ಮತ್ತೆ ಬಡಿದುಕೊಳ್ಳತೊಡಗಿತು. ಅವಳು ಎರಡೂ ಕೈಯಿಂದ ಸೀಸೆಯನ್ನು ಇನ್ನಷ್ಟು ಒತ್ತಿ ಹಿಡಿದಳು.