ದಿಂಬಿನ ಕವರಿನ ಮುಖವಾಡ

ನನ್ನ ಸಂಶೋಧನೆಯ ವಿಷಯ ಪ್ರಾಚೀನ ಗ್ರೀಕರ ದುರಂತ ನಾಟಕ. ಬೆಟ್ಟದ ಇಳಿಜಾರಿನಲ್ಲಿ ಸಾವಿರಾರು ಜನ ಕೂತಿರುವಾಗ ಬಯಲಲ್ಲಿ ನಿಂತು ಗಟ್ಟಿಯಾಗಿ ಮಾತಾಡುವ ಕಲೆ. ಅದನ್ನು ಆರಿಸಿಕೊಂಡವಳು ಬಸ್ಸಿನಲ್ಲಿ ‘ಇಳೀಬೇಕು’ ಅನ್ನಲು ನಾಚಿ, ಮುಂದಿನ ಸ್ಟಾಪಿನಿಂದ ನಡೆದು ಬರುವವಳು.

ನಮ್ಮ ವಿಭಾಗದಲ್ಲಿ ಪಿಎಚ್.ಡಿ. ಸೀಟು ಖಾಯಂ ಆಗಬೇಕಾದರೆ ಹೊರಗಿನ ಪರೀಕ್ಷಕರ ಮುಂದೆ ಇಪ್ಪತ್ತು ನಿಮಿಷ ಮಾತಾಡಬೇಕು. ಮೂರೇ ಅವಕಾಶ. ಮೊದಲ ಸಲ ‘ಎಲ್ಲರಿಗೂ ನಮಸ್ಕಾರ’ ಎಂದು ಅಲ್ಲಿಗೇ ನಿಂತೆ. ಎರಡನೆಯ ಸಲ ನಮಸ್ಕಾರವೂ ಬರಲಿಲ್ಲ. ಡೈರಿಯಲ್ಲಿ ಮಾತ್ರ ಎರಡೂ ದಿನ ಆರಾರು ಪುಟ ನಿರರ್ಗಳವಾಗಿ ಭಾಷಣ ಬಿಗಿದಿದ್ದೇನೆ.

ಮೂರನೆಯ ಸಲಕ್ಕೆ ಒಂದು ಉಪಾಯ ಹೊಳೆಯಿತು. ನನ್ನ ಅಧ್ಯಾಯವೇ ಮುಖವಾಡದ ಮೇಲೆ. ದೇವರ ಉತ್ಸವದಲ್ಲಿ, ದೇವರ ವಿಗ್ರಹದ ಎದುರು, ನಟ ಮುಖ ಮುಚ್ಚಿ ತನ್ನನ್ನು ತಾನು ಕಳಚಿಡುತ್ತಿದ್ದ, ಆಗಲೇ ಮಾತು ಹುಟ್ಟುತ್ತಿತ್ತು ಎಂದು ನಲವತ್ತು ಪುಟ ಬರೆದಿದ್ದೆ. ನಾನೂ ಮುಖ ಮುಚ್ಚಿಕೊಂಡರಾಯಿತಲ್ಲ! ಗೈಡ್ ಸರ್ ‘ಏನಾದ್ರೂ ಮಾಡಮ್ಮ, ಮಾತಾಡು ಸಾಕು’ ಎಂದರು.

ಗ್ರೀಕರು ಬಟ್ಟೆಗೆ ಅಂಟು ಹಾಕಿ ಬಿರುಸು ಮಾಡುತ್ತಿದ್ದರಂತೆ. ನಾನು ಹಳೆಯ ದಿಂಬಿನ ಕವರಿಗೆ ಗಂಜಿ ಹಾಕಿ, ಬೋರಲಿಟ್ಟ ಪಾತ್ರೆಯ ಮೇಲೆ ಒಣಗಿಸಿದೆ. ಉಣ್ಣೆಯ ಕೂದಲು ಅಂಟಿಸಿದೆ. ಗ್ರೀಕರ ಹಳೆಯ ಹೂಜಿಗಳ ಮೇಲಿನ ಚಿತ್ರ ನೋಡಿ ಬಾಯಿ ಕತ್ತರಿಸಿದೆ.

“ಇಷ್ಟಗಲ ಬಾಯಿ ಯಾಕೆ?” ಎಂದಳು ಅಮ್ಮ.

“ಮಾತಾಡೋಕೆ.”

“ಹೂಂ, ಅದಕ್ಕಾದ್ರೂ ಇರ್ಲಿ ಬಿಡು.”

ಅಕ್ಕ ನಕ್ಕಳು. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇವಳು ಮುಖಾನೇ ಡೊಂಕು ಅಂತಾಳಲ್ಲಮ್ಮ!”

ಪರೀಕ್ಷೆಯ ದಿನ ಮುಖವಾಡ ಹೊತ್ತು ತಂದವಳೂ ಅಕ್ಕನೇ. ಕೋಣೆಯ ಬಾಗಿಲಲ್ಲಿ ಅದನ್ನು ಹಾಕಿಕೊಳ್ಳಲು ಹೋದೆ. ಕನ್ನಡಕದ ಮೇಲೆ ಅದು ಕೂರಲೇ ಇಲ್ಲ. ಅಳತೆ ನೋಡುವಾಗ ಪ್ರತಿ ಸಲವೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದೆ. ಮೂರು ವಾರದಲ್ಲಿ ಒಂದು ದಿನವೂ, ಮಾತಾಡುವಾಗ ಕನ್ನಡಕ ಎಲ್ಲಿರುತ್ತದೆ ಎಂದು ಯೋಚಿಸಿರಲಿಲ್ಲ.

“ಈಗೇನೇ ಮಾಡ್ತೀಯ ಪಂಡಿತೆ?”

ಒಳಗಿನಿಂದ ನನ್ನ ಹೆಸರು ಕೂಗಿದರು. ಕನ್ನಡಕ ಅಕ್ಕನ ಕೈಗಿಟ್ಟು, ಗೋಡೆ ಸವರುತ್ತಾ ಒಳಗೆ ಹೋದೆ.

ಟಿಪ್ಪಣಿ ಓದುವ ಮಾತೇ ಇಲ್ಲ. ಕೈಯಲ್ಲಿದ್ದದ್ದು ಬಿಳಿ ಮಂಜು. ಬಾಯಿ ತೆರೆದೆ. ಕೊಡದೊಳಗೆ ಮಾತಾಡಿದಂತೆ ದನಿ ಗುಂಯ್ಯೆಂದಿತು. ಹೆದರಿ ನಿಲ್ಲಿಸುವಷ್ಟರಲ್ಲಿ ಎರಡನೆಯ ವಾಕ್ಯವೂ ಬಂದುಬಿಟ್ಟಿತು. ಮೇಳದ ಕುಣಿತ, ಬಲಿಪೀಠ, ಉತ್ಸವದ ಮೆರವಣಿಗೆ, ಎಲ್ಲವನ್ನೂ ಹೇಳಿದೆ.

“ಈ ಕಡೆ ತಿರುಗಮ್ಮ,” ಎಂದರು ಗೈಡ್ ಸರ್, “ಅದು ಬೀರು.”

ಇಪ್ಪತ್ತು ನಿಮಿಷ ಮುಗಿಯಿತು. ಪರೀಕ್ಷಕರು ಹೆಂಗಸು. “ಮಾತೇನೋ ಚೆನ್ನಾಗಿತ್ತು. ಆಡಿದ್ದು ನೀವೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ತೆಗೀರಿ ಅದನ್ನ.”

ತೆಗೆದೆ. ಹುಬ್ಬಿನ ನಾಲ್ಕು ಕೂದಲೂ ಗಂಜಿಗಂಟಿ ಜೊತೆಗೇ ಬಂದವು. ಸೀಟು ಹೋಯಿತು ಅಂದುಕೊಂಡು ತಲೆಯೆತ್ತಿದರೆ ಎದುರಿಗೆ ಯಾರೂ ಇಲ್ಲ! ಮೂರು ಮಸುಕು ಗುಡ್ಡೆಗಳಿವೆ, ಅಷ್ಟೆ. ಒಂದು ನೀಲಿ.

“ಆ ಉತ್ಸವದಲ್ಲಿ ಮೊದಲ ಸಾಲನ್ನ ಪೂಜಾರಿಗೆ ಬಿಡ್ತಿದ್ರಲ್ಲ, ಯಾಕೆ? ನಾಟಕ ನೋಡೋಕಾ?” ಎಂದಿತು ನೀಲಿ ಗುಡ್ಡೆ.

“ನಾಟಕಾನೇ ಸೇವೆ ಮೇಡಂ. ಅವರು ಬರೀ ಪ್ರೇಕ್ಷಕರಲ್ಲ, ದೇವರ ಕಡೆಯವರು.”

“ಹಾಗಾದ್ರೆ ನಾಟಕಕಾರರ ನಡುವೆ ಸ್ಪರ್ಧೆ, ಗೆದ್ದವರಿಗೆ ಬಹುಮಾನ? ಅದು ಭಕ್ತಿನಾ?”

“ಗೆಲ್ಲೋ ಆಸೆ ಇದ್ರೆ ಭಕ್ತಿ ಇರಲ್ಲ ಅಂತ ನಾನು ಒಪ್ಪಲ್ಲ ಮೇಡಂ.”

ಒಪ್ಪಲ್ಲ! ಯಾರಪ್ಪ ಇವಳು, ಎಂದು ನನಗೇ ಗಾಬರಿ. ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ಗುಡ್ಡೆಯ ಜೊತೆ ವಾದ ಮಾಡಿದೆ.

“ಸೀಟು ಖಾಯಂ,” ಎಂದರು ಕೊನೆಗೆ. “ಆದ್ರೆ ಮುಖ ಮುಚ್ಚಿದ್ರೇನೇ ಮಾತು ಹುಟ್ಟುತ್ತೆ ಅಂತ ನಲವತ್ತು ಪುಟ ಬರ್ದಿದೀರಲ್ಲ, ಅದನ್ನ ತಿದ್ದಿ. ಈಗ ನೀವೇ ಸುಳ್ಳು ಮಾಡಿದ್ರಿ.”

ತಲೆಯಾಡಿಸಿದೆ. ಎದುರಿನವರು ಕಾಣದಿದ್ದರೆ ಸಾಕು ಎಂದು ಯಾವ ಅಧ್ಯಾಯದಲ್ಲಿ ಬರೆಯಲಿ?

ಹೊರಗೆ ಬಂದೆ. ಅಕ್ಕ ಕನ್ನಡಕವನ್ನು ಮೂಗಿಗೇರಿಸಿದಳು. ತೆರೆದ ಬಾಗಿಲಿನಾಚೆ ಪರೀಕ್ಷಕರು ಸ್ಪಷ್ಟವಾಗಿ ಕಂಡರು: ಗಂಟು ಹುಬ್ಬು, ನನ್ನನ್ನೇ ನೋಡುತ್ತಿರುವ ಕಣ್ಣು.

“ಥ್ಯಾಂಕ್ಸ್ ಹೇಳೇ,” ಎಂದು ಅಕ್ಕ ತಿವಿದಳು.

ತುಟಿ ಅಲುಗಿತು, ದನಿ ಹೊರಡಲಿಲ್ಲ. ಅಕ್ಕ ಒಳಗೆ ತಲೆಹಾಕಿ ಕೂಗಿದಳು: “ಮೇಡಂ, ನಮ್ಮವಳು ಥ್ಯಾಂಕ್ಸ್ ಅಂತಿದಾಳೆ!”